ಪೆಟ್ಟಿಗೆಯ ತಳದ ಗೌನು

"ಅಮ್ಮನ ಮದುವೆ ಗೌನು ಅಂದ್ಮೇಲೆ ಅದು ಮಗಳಿಗೇ ಸೇರ್ಬೇಕು. ಏನಂತೀಯ ಅತ್ತಿಗೆ?"

ಪೆಟ್ಟಿಗೆಯ ತಳದಿಂದ ತೆಗೆದ ಬಿಳಿ ಹತ್ತಿಯ ಗೌನನ್ನು ಎದೆಗವುಚಿಕೊಂಡು ನಾದಿನಿ ಕೇಳಿದಾಗ, ಸೊಸೆ ಹೊಲಿಗೆಯಂತ್ರದಿಂದ ತಲೆಯೆತ್ತಲಿಲ್ಲ. ಈ ಮನೆಯಲ್ಲೇ ಅವಳ ಕೂದಲು ನರೆತಿತ್ತು. ಊರಿಗೆಲ್ಲ ಬಟ್ಟೆ ಹೊಲಿದುಕೊಟ್ಟ ಅವಳಿಗೆ, ಅಲ್ಲೇ ಮಂಚದ ಮೇಲೆ ಮಲಗಿದ್ದ ಅತ್ತೆ ಒಂದು ಕರವಸ್ತ್ರವನ್ನಾದರೂ ಕೊಟ್ಟವರಲ್ಲ. ಎಳವೆಯಲ್ಲಿ ನೀರು ಹೊತ್ತು ಹೊತ್ತು ಅವಳ ಎಡಭುಜ ಜಗ್ಗಿತ್ತು. ಅದಕ್ಕೆ ಅತ್ತೆ ಅವಳಿಗೆ 'ಓರೆ ತಕ್ಕಡಿ' ಎಂದು ಹೆಸರಿಟ್ಟಿದ್ದರು. ಅಷ್ಟೇ ಅವರ ಉಡುಗೊರೆ...

"ನನ್ನನ್ಯಾಕೆ ಕೇಳ್ತೀಯ? ತಗೊಂಡು ಹೋಗು."

"ಹೋಗ್ತೀನಿ. ಎಷ್ಟು ಹಳೇದು ಅಂತ ನೋಡಿ ಹೇಳು. ಬೀಗರ ಮುಂದೆ ಹೇಳ್ಕೋಬೇಕು."

ಸೊಸೆ ಗೌನನ್ನು ಕಿಟಕಿಯ ಬೆಳಕಿಗೆ ಒಯ್ದು ಒಳಮೈ ಹೊರಳಿಸಿದಳು. ಬಟ್ಟೆ ನಿಜಕ್ಕೂ ಹಳೆಯದು, ಒಗೆದೊಗೆದು ಕೆನೆಯಂತೆ ಮೆತ್ತಗಾಗಿತ್ತು. ಆದರೆ ಈಗಿನ ಹೊಲಿಗೆಯ ಪಕ್ಕದಲ್ಲೇ ಹಳೆಯ ಸೂಜಿಯ ತೂತುಗಳ ಸಾಲಿತ್ತು. ಯಾರೋ ಬಿಚ್ಚಿ, ಕತ್ತರಿಸಿ, ಮತ್ತೆ ಹೊಲಿದಿದ್ದರು. ಒಂದೆಳೆ ದಾರ ಎಳೆದು, ಕಡ್ಡಿ ಗೀರಿ ಹಿಡಿದಳು. ಹತ್ತಿಯ ದಾರವಾಗಿದ್ದರೆ ಬೂದಿಯಾಗಿ ಉದುರಬೇಕಿತ್ತು. ಇದು ಮುದುಡಿ ಕರಿಮಣಿಯಾಯಿತು.

"ಬಟ್ಟೆ ಅತ್ತೆ ಮದುವೇದೇ. ಹೊಲಿಗೆ ಅಲ್ಲ. ಈ ನೈಲಾನ್ ದಾರ ಅಂಗಡಿಗೆ ಬರೋ ಹೊತ್ತಿಗೆ ನಾನು ಈ ಮನೇಲಿ ಪಾತ್ರೆ ಉಜ್ತಾ ಇದ್ದೆ."

"ಹಾಗಾದ್ರೆ ಯಾರಿಗೆ ಹೊಲಿದದ್ದು? ನಾನಂತೂ ಆಗ ಗಂಡನ ಮನೇಲಿದ್ದೆ."

ಸೊಸೆಯ ಬೆರಳು ಭುಜದ ಹೊಲಿಗೆಯ ಮೇಲೆ ನಿಂತಿತು. ಬಲಕ್ಕಿಂತ ಎಡಭಾಗ ಒಂದು ಬೆರಳಷ್ಟು ಇಳಿದಿತ್ತು. ಕೈತಪ್ಪಿ ಆದದ್ದಲ್ಲ, ಕಣ್ಣಲ್ಲೇ ಅಳೆದು, ಮನಸ್ಸಿಟ್ಟು ಕತ್ತರಿಸಿದ್ದು... ಅವಳ ಕಣ್ಣು ಮಂಜಾಯಿತು.

"ಅತ್ತೆ... ಇದು ನಂದಾ?"

ಮಂಚದ ಮೇಲೆ ನಿದ್ದೆಯ ನಟನೆ ಮಾಡುತ್ತಿದ್ದ ಮುದುಕಿ ಗೋಡೆಯ ಕಡೆ ಹೊರಳಿದರು. "ಮತ್ತೆ? ಊರಲ್ಲಿ ಓರೆ ತಕ್ಕಡಿ ಎಷ್ಟಿವೆ?"

"ಕೊಡಲೇ ಇಲ್ವಲ್ಲ ಅತ್ತೆ..."

"ಹೊಲಿದು ಮುಗಿಸಿದ ದಿನಾನೇ ನೀನು ನನ್ನ ಅಡುಗೇಲಿ ಉಪ್ಪಿಲ್ಲ ಅಂದೆ. ಕೋಪ ಬಂತು, ಪೆಟ್ಟಿಗೇಲಿ ಹಾಕ್ದೆ. ಆಮೇಲೆ ಕೊಡೋಕೆ ನಾಚಿಕೆ ಆಯ್ತು."

ಮೊದಲು ನಕ್ಕವಳು ನಾದಿನಿ. ತಾನೇ ಗೌನನ್ನು ಅತ್ತಿಗೆಯ ತಲೆಯ ಮೇಲಿಂದ ಇಳಿಸಿದಳು. ಭುಜ ಹೇಳಿ ಮಾಡಿಸಿದಂತೆ ಕೂತಿತು. ಆದರೆ ಸೊಂಟದ ಹತ್ತಿರ ಗೌನು ಕೆಳಕ್ಕೆ ಇಳಿಯಲೊಲ್ಲದೆ ಮೊಂಡು ಹಿಡಿಯಿತು. ಸೊಸೆಗೆ ಅಳುವೋ ನಗುವೋ ತಿಳಿಯದೆ ಎರಡೂ ಒಟ್ಟಿಗೇ ಬಂದವು.

ಮುದುಕಿ ಮತ್ತೆ ಇತ್ತ ಹೊರಳಿದರು.

"ನಗ್ತಾ ನಿಂತ್ರೆ ಆಯ್ತಾ? ಪಕ್ಕದ ಹೊಲಿಗೆ ಬಿಚ್ಚು. ಎರಡೂ ಕಡೆ ನಾಕ್ನಾಕು ಬೆರಳು ಬಟ್ಟೆ ಒಳಗೆ ಮಡಚಿ ಬಿಟ್ಟಿದ್ದೀನಿ. ನನ್ನ ಕೈ ಅಡುಗೆ ಉಂಡೋಳು ಹಾಗೇ ಕಡ್ಡಿ ಥರ ಇರ್ತಾಳಾ?"