ಎಣ್ಣೆ ಹಚ್ಚಿದ ಕಮಾನು

ಚೆಲ್ಲೊ ಬಾಯಿ ಬಿಡಲಿಲ್ಲ. ಕಮಾನನ್ನು ತಂತಿಯ ಮೇಲಿಟ್ಟು ಎಳೆದೆ, ಜಾರಿಹೋಯಿತು. ಒತ್ತಿ ಎಳೆದೆ, ಮತ್ತೂ ಜಾರಿತು. ಕಮಾನಿಗೆ ಕಟ್ಟಿದ ಕುದುರೆಬಾಲದ ಕೂದಲನ್ನು ಮುಟ್ಟಿದರೆ ಬೆರಳೆಲ್ಲ ಜಿಡ್ಡು. ಮೂಸಿ ನೋಡಿದೆ. ಕೊಬ್ಬರಿ ಎಣ್ಣೆ.

ಇದು ಯಾರ ಕೆಲಸ ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಅವ್ವನ ಕಣ್ಣಿನ ಆಪರೇಶನ್ ಎಂದು ನಾನು ಮುಂಬೈಯಿಂದ ಬಂದಾಗ ಕೊಪ್ಪಳ ಸ್ಟೇಶನ್ನಿನಿಂದ ಮನೆಗೆ ಬಿಟ್ಟವನು ಹಾಲೇಶ, ಹೈಸ್ಕೂಲಿನಲ್ಲಿ ನನ್ನ ಹಿಂದಿನ ಬೆಂಚಿನವನು. ಕಮಾನಿನ ಪೆಟ್ಟಿಗೆ ಅವನ ಕಾರಿನಲ್ಲೇ ಉಳಿದಿತ್ತು. ಇವತ್ತು ಬೆಳಿಗ್ಗೆ ಅದನ್ನು ತಂದುಕೊಟ್ಟು, ಏನೋ ದೊಡ್ಡ ಉಪಕಾರ ಮಾಡಿದವನಂತೆ ನಕ್ಕು ಹೋಗಿದ್ದ. ಆ ನಗುವಿನ ಅರ್ಥ ಈಗ ಆಯಿತು. ಸಿಟ್ಟು ನೆತ್ತಿಗೇರಿತು.

ಗಂಗಾವತಿಯ ಮೌಲಾಹುಸೇನ ಸರ್ ಹತ್ತಿರ ಪಿಟೀಲು ಕಲಿತವಳು ನಾನು. ಮುಂದೆ ಕಲಿಯಲು ಚೆನ್ನೈಗೆ ಹೋದಮೇಲೆ ಮೊಣಕಾಲ ನಡುವೆ ನಿಲ್ಲಿಸಿ ನುಡಿಸುವ ಈ ದೊಡ್ಡ ವಾದ್ಯಕ್ಕೆ ಮನಸೋತೆ. ಮುಂಬೈಯ ಆರ್ಕೆಸ್ಟ್ರಾದಲ್ಲಿ ವರ್ಷಗಟ್ಟಲೆ ಕರೆದಾಗ ಹೋಗಿ ಬರುವವಳಾಗಿಯೇ ಉಳಿದೆ. ಯಾರಿಗಾದರೂ ಜ್ವರ ಬಂದರೆ ನನಗೆ ಫೋನು. ಈಗ ಮೊದಲ ಸಲ ಒಂದು ಕಾಯಂ ಜಾಗ ಖಾಲಿಯಾಗಿದೆ. ನುಡಿಸಿದ ವಿಡಿಯೊ ನಾಳೆ ಸಂಜೆಯೊಳಗೆ ಅವರಿಗೆ ಮುಟ್ಟಬೇಕು. ನನ್ನ ಇನ್ನೊಂದು ಕಮಾನು ಮುಂಬೈಯ ರೂಮಿನಲ್ಲಿ ನೇತಾಡುತ್ತಿದೆ.

ಕಮಾನು ಎತ್ತಿಕೊಂಡು, ಆಟೊ ಹಿಡಿದು ಊರ ಪಕ್ಕದ ಭಾಗ್ಯನಗರಕ್ಕೆ ಹೋದೆ. ಹಾಲೇಶನದು ಕೂದಲಿನ ವ್ಯಾಪಾರ. ಊರೂರಿನಿಂದ ಬಂದ ಕೂದಲನ್ನು ತೊಳೆಸಿ, ಬಾಚಿಸಿ, ಕಟ್ಟು ಕಟ್ಟಿಸಿ, ಹೊರದೇಶದಲ್ಲಿ ವಿಗ್ ಮಾಡುವವರಿಗೆ ಕಳಿಸುತ್ತಾನೆ. ಶೆಡ್ಡಿನಲ್ಲಿ ಹೆಂಗಸರು ಸಾಲಾಗಿ ಕೂತು ಬಾಚುತ್ತಿದ್ದರು. ನನ್ನನ್ನು ಕಂಡು ಅವನ ಮುಖ ಅರಳಿತು. ಅದೇ ದೊಡ್ಡ ತೊಂದರೆ. ಆ ಮುಖ ಅರಳಿದರೆ ಎಡಗೆನ್ನೆಯಲ್ಲೊಂದು ಗುಳಿ ಬೀಳುತ್ತದೆ, ಬೈಯಲು ಬಂದವರಿಗೆ ಮಾತು ಮರೆತುಹೋಗುತ್ತದೆ. ಇವತ್ತು ನಾನು ಮರೆಯಲಿಲ್ಲ.

"ಇದಕ್ಕ ಏನ್ ಮಾಡೀರಿ, ಹಾಲೇಶ ಅವರ?"

ನಾನು ಅವನಿಗೆ 'ರಿ' ಹಚ್ಚಿದರೆ ಏನೋ ಕೆಟ್ಟಿದೆ ಎಂದು ಅವನಿಗೆ ಗೊತ್ತು. ಗುಳಿ ಮಾಯವಾಯಿತು.

"ಕೂದಲಾಗ ಭಾಳ ಹೊಟ್ಟಾಗಿತ್ತಲ್ಲ, ಬೆಳ್ಳಗ ಪುಡಿ ಉದರತಿತ್ತು. ಶಾಂಪೂ ಹಚ್ಚಿ ತೊಳದೆ. ನಾನ ಕೂತು ಬಾಚಿ ಎರಡ ಹನಿ ಎಣ್ಣಿ ಹಚ್ಚೀನಿ. ಹ್ಯಾಂಗ ಮಿಂಚತೈತಿ ನೋಡು."

"ಅದು ಹೊಟ್ಟಲ್ರಿ, ರಾಳದ ಪುಡಿ. ಆ ಪುಡಿ ಇದ್ರನ ತಂತಿ ನುಡಿಯೂದು. ಎಣ್ಣಿ ಬಿತ್ತಂದ್ರ ಮುಗೀತು. ನಾಳೆ ನಾ ಏನ್ ನುಡಸ್ಲಿ, ನಿಮ್ಮ ತಲಿ?"

ಬಾಚಣಿಗೆಗಳೆಲ್ಲ ನಿಂತವು. ಹಾಲೇಶ ಕಮಾನನ್ನೇ ನೋಡುತ್ತ ನಿಂತ. ಕೆಲಸದವರಲ್ಲಿ ಹಿರಿಯಳಾದ ಪಕ್ಕೀರವ್ವ ಮಾತು ಹಗುರ ಮಾಡಲು ಬಂದಳು.

"ಸಿಟ್ಟಾಗಬ್ಯಾಡ್ರಿ ಅಕ್ಕಾರ. ನಿಮ್ಮ ಸಲುವಾಗಿ ಅಣ್ಣಾರು ಏನ್ ಕಮ್ಮಿ ಮಾಡ್ಯಾರ? ಮ್ಯಾಲಿನ ಖೋಲಿಗೆ ಬಣ್ಣ ಹಚ್ಚಿಸ್ಯಾರ. ಸಂಗೀತ ಸಾಲಿ ಅಂತ ಬೋರ್ಡ ಹಾಕಿಸ್ಯಾರ. ನಿಮ್ಮ ಅಪ್ಪಾರ ಮುಂದೂ ಹೇಳ್ಯಾರಂತ."

"ಯಾರ ಸಂಗೀತ ಸಾಲಿ?"

ಹಾಲೇಶ ಪಕ್ಕೀರವ್ವನಿಗೆ ಸಾಕೆಂದು ಸನ್ನೆ ಮಾಡಿದ. "ನಿಂದ. ಅಲ್ಲಿ ಒಬ್ಬಾಕಿನ ಇರ್ತಿ, ಟ್ರೇನಿನ್ಯಾಗ ಇಷ್ಟುದ್ದ ವಾದ್ಯ ಹೊತ್ಕೊಂಡು ಓಡಾಡ್ತಿ, ನಿನಗ ತ್ರಾಸ ಆಗತೈತಿ ಅಂತ… ಮದುವಿ ಆದ ಮ್ಯಾಲ ಇಲ್ಲೇ ಆರಾಮ ಕಲಸ್ಕೋಂತ ಇರ್ತಿ ಅಂತ…"

ಮದುವೆ. ಆ ಮಾತು ಅವನ ಬಾಯಿಂದ ಬರಲಿ ಎಂದು ಎಷ್ಟು ವರ್ಷ ಕಾದಿದ್ದೆ. ಕೂದಲ ಮೂಟೆಗಳ ನಡುವೆ, ತಪ್ಪಿಗೆ ಸಬೂಬು ಹೇಳುವಾಗ ಬಂತು. ಮೈಯೆಲ್ಲ ಉರಿಯಿತು.

"ಅಪ್ಪನ್ನ ಕೇಳಿದಿ, ಬೋರ್ಡ ಬರಿಯಾವನ್ನ ಕೇಳಿದಿ. ಪಕ್ಕೀರವ್ವಗೂ ಗೊತ್ತೈತಿ. ನನ್ನೊಬ್ಬಾಕಿನ್ನ ಬಿಟ್ಟಿ. ನಾ ಏನ್ ನಿನ್ನ ಶೆಡ್ಡಿಗೆ ಬಂದ ಕೂದಲೇನು, ನಿನಗ ತಿಳದಂಗ ತೊಳದು, ಬಾಚಿ, ಕಟ್ಟಿಡಾಕ?"

ಅವನು ಕೈಯನ್ನು ಅಂಗಿಗೆ ಒರೆಸಿಕೊಂಡ. ಆಮೇಲೆ ಮೆಲ್ಲಗೆ, "ತಪ್ಪಾತು. ಈಗ ಏನ್ ಮಾಡ್ಲಿ? ನೀ ಹೇಳು," ಎಂದ.

ಹೇಳಿದೆ. "ಗಂಗಾವತಿಗೆ ಹೋಗಿ ಸರ್ ಹತ್ರ ಪಿಟೀಲಿನ ಕಮಾನು ತರಬೇಕು. ಇದಕ್ಕ ಅದು ಹಗುರ ಆಗತೈತಿ, ಆದ್ರ ಬ್ಯಾರೆ ದಾರಿಲ್ಲ. ಗಾಡಿ ತಗಿ. ದಾರ್ಯಾಗ ಒಂದ ಮಾತೂ ಆಡಬ್ಯಾಡ."

ಆಡಲಿಲ್ಲ. ಹೋಗುವಾಗಲೂ ಬರುವಾಗಲೂ ಕನ್ನಡಿಯಲ್ಲಿ ನನ್ನನ್ನು ಕದ್ದು ನೋಡಿದ, ನಾನು ಕಂಡದ್ದು ಗೊತ್ತಾದ ಕೂಡಲೇ ಕಣ್ಣು ರಸ್ತೆಗೆ ತಿರುಗಿಸಿದ. ಬೇರೆ ದಿನವಾಗಿದ್ದರೆ ನಕ್ಕುಬಿಡುತ್ತಿದ್ದೆ. ಕಿಟಕಿಯಾಚೆಯ ಭತ್ತದ ಗದ್ದೆಗಳನ್ನೇ ನೋಡುತ್ತ ಕೂತೆ.

ಮರುದಿನ ಬೆಳಿಗ್ಗೆ ಮನೆಯಲ್ಲಿ ನುಡಿಸಿದೆ. ಪಿಟೀಲಿನ ಕಮಾನು ಹಗುರ, ತೆಳು. ದಪ್ಪ ತಂತಿಯ ಮೇಲೆ ಅದರ ಭಾರ ಸಾಲದೆ ಸ್ವರ ಒಡೆಯುತ್ತಿತ್ತು. ಮೊದಲ ಸಲ ಅಳು ಬಂತು. ಮತ್ತೆ ಶುರು ಮಾಡಿದೆ. ಈ ಸಲ ಸಿಟ್ಟೆಲ್ಲ ತೋಳಿಗಿಳಿಯಿತು, ಚೆಲ್ಲೊ ಗದರಿಸುವಂತೆ ನುಡಿಯಿತು. ನಾನು ಹಾಗೆ ಎಂದೂ ನುಡಿಸಿರಲಿಲ್ಲ. ವಿಡಿಯೊ ಕಳಿಸಿ ಹೊರಗೆ ಬಂದೆ.

ಹಾಲೇಶ ಮೆಟ್ಟಿಲ ಮೇಲೆ ಕೂತಿದ್ದ. ಯಾವಾಗ ಬಂದಿದ್ದನೋ, ಬಾಗಿಲು ಬಡಿದಿರಲಿಲ್ಲ.

"ಈ ಜಾಗ ಸಿಕ್ಕರೂ ಮುಂಬೈಗೆ ಹೋಗ್ತೀನಿ, ಸಿಗದಿದ್ರೂ ಹೋಗ್ತೀನಿ," ಎಂದೆ.

"ಹೂಂ. ಬೋರ್ಡ ಇಳಿಸೀನಿ." ಮುಖ ಎತ್ತಿ, "ಒಂದ ಕೇಳ್ಲೇನು?"

"ಕೇಳು."

"ನಿನಗ ನಾ ಬೇಕೇನು?"

ಕಣ್ಣು ತುಂಬಿದವು. ತುಂಬಿದ್ದಕ್ಕೆ ಮತ್ತಷ್ಟು ಸಿಟ್ಟು ಬಂತು.

"ಬೇಕು. ಸಾಲಿ ಬಿಟ್ಟಾಗಿಂದ ಬೇಕು. ಮುಂಬೈನೂ ಬೇಕು. ಎರಡೂ ಬೇಕು ನನಗ. ಈಗ ನೀ ಹೇಳು, ನಡೀತೈತೇನು?"

ಎಲ್ಲದಕ್ಕೂ ಥಟ್ಟನೆ ಉತ್ತರ ಇಟ್ಟುಕೊಂಡಿರುವ ಆಸಾಮಿ ಪಕ್ಕಕ್ಕೆ ಸರಿದು ಮೆಟ್ಟಿಲ ಮೇಲೆ ಜಾಗ ಮಾಡಿದ.

"ನಡೀಬೇಕು," ಎಂದ. "ಹ್ಯಾಂಗಂತ ನನಗ ಗೊತ್ತಿಲ್ಲ. ನೀನೂ ಕೂಡ್ರು. ಇಬ್ರೂ ಸೇರಿ ವಿಚಾರ ಮಾಡೂಣು."

ನನ್ನ ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ. ಹೋಗಿ ಅವನ ಪಕ್ಕದಲ್ಲಿ ಕೂತೆ.