ಇಪ್ಪತ್ತೆಂಟು ಡಿಗ್ರಿ

"ನಿಮ್ಮ ಫರ್ನೇಸು ಸುಳ್ಳು ಹೇಳ್ತಾ ಇದೆ."

ಹನ್ನೊಂದು ವರ್ಷ ಉಕ್ಕು ಕಾಯಿಸುವ ಆ ಫರ್ನೇಸಿನ ಮುಂದೆ ನಿಂತು ಮುಖ ಸುಟ್ಟುಕೊಂಡವನಿಗೆ ಇಂಥ ಮಾತು ಕೇಳಿದರೆ ಹೇಗಾಗಬೇಡ? ಅದೂ ತಾಪಮಾನ ತಪಾಸಣೆಗೆಂದು ಹೊರಗಿನ ಲ್ಯಾಬಿನಿಂದ ಬಂದು ಇನ್ನೂ ಒಂದು ದಿನ ಕಳೆಯದವಳ ಬಾಯಿಂದ!

"ಮೇಡಂ, ಫರ್ನೇಸಿಗೆ ಬಾಯಿಲ್ಲ. ಸುಳ್ಳು ಹೇಳೋರು ನಾವು ನೀವು."

"ಹಾಗಾದ್ರೆ ಇನ್ನೂ ಸುಲಭ. ಯಾರು ಅಂತ ಹುಡುಕೋಣ."

ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದಳು. ಫರ್ನೇಸಿನೊಳಗೆ ಅವಳು ಕಟ್ಟಿದ್ದ, ಬಿಸಿ ಅಳೆಯುವ ತಂತಿಗಳಾದ ಒಂಬತ್ತು ಥರ್ಮೋಕಪಲ್‌ಗಳ ಒಂಬತ್ತು ಗೆರೆಗಳು, ಎಲ್ಲವೂ ಎಂಟುನೂರ ಎಪ್ಪತ್ತೆಂಟು ಡಿಗ್ರಿಯ ಆಸುಪಾಸಿನಲ್ಲಿ ಒಟ್ಟಿಗೆ ನಡೆಯುತ್ತಿದ್ದವು. ಫರ್ನೇಸಿನ ಬಿಸಿ ತೋರಿಸುವ ನನ್ನ ಪ್ಯಾನೆಲ್ ಮಾತ್ರ ಎಂಟುನೂರ ಐವತ್ತು ಎಂದು ಹಟ ಹಿಡಿದು ಕೂತಿತ್ತು.

"ಬೆಳಿಗ್ಗೆ ಎರಡೂ ಒಂದೇ ಇದ್ವಲ್ಲ?"

"ಇದ್ವು. ಬಿಸಿ ಏರ್ತಾ ಏರ್ತಾ ದೂರ ಆದ್ವು. ಈಗ ಇಪ್ಪತ್ತೆಂಟು ಪಾಯಿಂಟ್ ಮೂರು."

ಆ ಪಾಯಿಂಟನ್ನು ಅವಳು ಎಂದೂ ಬಿಡುತ್ತಿರಲಿಲ್ಲ. ಮಧ್ಯಾಹ್ನದೊಳಗೆ ನಮ್ಮ ಹುಡುಗರು 'ಪಾಯಿಂಟ್ ಮೇಡಂ' ಎಂದು ಹೆಸರಿಟ್ಟಾಗಿತ್ತು. ಚಹಾ ಕೊಟ್ಟರೂ ಅದರಲ್ಲೊಂದು ತಂತಿ ಅದ್ದಿ, "ಅರವತ್ತೊಂದು ಪಾಯಿಂಟ್ ಎರಡು, ಕುಡೀಬಹುದು" ಅನ್ನುವವಳು.

ನನಗೆ ಮಾತ್ರ ಬೆಳಿಗ್ಗೆಯೇ ಎಡವಟ್ಟಾಗಿತ್ತು. ಫರ್ನೇಸು ತಣ್ಣಗಿತ್ತು. ಯಾವ ತಂತಿ, ಅಂಕಿ ದಾಖಲಿಸುವ ಅವಳ ಲಾಗರಿನ ಯಾವ ಚಾನೆಲ್ಲಿಗೆ ಸೇರಿದೆ ಎಂದು ತಿಳಿಯಲು ನಾನು ಒಳಗೆ ಹೋಗಿ ಒಂದೊಂದೇ ತುದಿಯನ್ನು ಬೆರಳಲ್ಲಿ ಚಿವುಟಿ ಹಿಡಿಯಬೇಕು. ಮೈಬಿಸಿಗೆ ಯಾವ ಅಂಕಿ ಏರುತ್ತದೋ ಅದೇ ಆ ಚಾನೆಲ್.

"ಹಿಡೀರಿ. ನಾಲ್ಕು. ಬಿಡಿ. ಮುಂದಿಂದು."

ಕೊನೆಯದನ್ನು ಹಿಡಿದಾಗ ಬಾಗಿಲಾಚೆ ಅವಳ ಮುಖ ಕಂಡಿತು. ಕೆಳತುಟಿ ಕಚ್ಚಿಕೊಂಡು, ನನ್ನ ಬೆರಳ ಬಿಸಿ ಪರದೆಯ ಮೇಲೆ ಏರುವುದನ್ನೇ ನೋಡುತ್ತಿದ್ದಳು. ಹುಬ್ಬಿನ ಮೇಲೊಂದು ಮಸಿಯ ಗೆರೆ.

"ಒಂಬತ್ತು. ಬಿಡಿ. ಬಿಡಿ ಅಂದೆ! ಮೂವತ್ಮೂರು ಪಾಯಿಂಟ್ ಆರು, ಇನ್ನೂ ಏರ್ತಾ ಇದೆ. ಏನ್ ಮಾಡ್ತಿದ್ದೀರಿ ಒಳಗೆ?"

"ಏನಿಲ್ಲ, ಕಾಲು ಸಿಕ್ಕಿಹಾಕ್ಕೊಂಡಿತ್ತು."

"ನಾನು ಕಾಲಿಗೆ ತಂತಿ ಕಟ್ಟಿಲ್ಲವಲ್ಲ," ಅಂದು ಪರದೆಯ ಹಿಂದೆ ಮುಖ ತಗ್ಗಿಸಿದಳು. ನಗು ಕಾಣದಿರಲಿ ಎಂದು ತಗ್ಗಿಸಿದ್ದು. ಕಂಡಿತು.

ಎರಡನೇ ದಿನವೂ ಅದೇ ಇಪ್ಪತ್ತೆಂಟು. ಫರ್ನೇಸಿನ ಪಕ್ಕಕ್ಕೆ ಒಂದು ತಗಡಿನ ಡಬ್ಬಿ ಇದೆ. ನಮ್ಮ ಥರ್ಮೋಕಪಲ್ ಮುಗಿದು ಪ್ಯಾನೆಲ್ಲಿನ ತಂತಿ ಶುರುವಾಗುವುದು ಅಲ್ಲೇ. ಅವಳು ಕೈಮೀಟರನ್ನು ಅದಕ್ಕೆ ಮುಟ್ಟಿಸಿದಳು.

"ಇಲ್ಲಿ ಐವತ್ತೆಂಟು ಪಾಯಿಂಟ್ ಐದು. ಪ್ಯಾನೆಲ್ ಹತ್ರ ಮೂವತ್ತು ಪಾಯಿಂಟ್ ಎರಡು. ಕಳೀರಿ ನೋಡೋಣ."

ಕಳೆದೆ. ಇಪ್ಪತ್ತೆಂಟು ಪಾಯಿಂಟ್ ಮೂರು. ನನ್ನ ಕಣ್ಣು ಆ ಡಬ್ಬಿ ಬಿಟ್ಟು ಕದಲಲಿಲ್ಲ.

"ಥರ್ಮೋಕಪಲ್ ಅಳೆಯೋದು ಎರಡು ತುದಿಗಳ ನಡುವಿನ ವ್ಯತ್ಯಾಸಾನ," ಅಂದಳು. "ಒಳಗಿಂದ ಪ್ಯಾನೆಲ್ ತನಕ ಅದೇ ಥರದ ತಂತಿ ಇರ್ಬೇಕು. ಮಧ್ಯೆ ಯಾರಾದ್ರೂ ಮಾಮೂಲಿ ತಾಮ್ರ ಸೇರಿಸಿದ್ರೆ, ಈ ಡಬ್ಬಿಯಿಂದ ಆಚೆಗಿನ ವ್ಯತ್ಯಾಸ ಪ್ಯಾನೆಲ್ಲಿಗೆ ಕಾಣೋದೇ ಇಲ್ಲ. ಅದು ಕಮ್ಮಿ ತೋರಿಸುತ್ತೆ. ಫರ್ನೇಸು ಪಾಪ, ಸಾಲ್ದು ಅಂದ್ಕೊಂಡು ಇನ್ನೂ ಉರಿಯುತ್ತೆ. ತಣ್ಣಗಿದ್ದಾಗ ನೋಡಿದ್ರೆ ಎಲ್ಲಾ ಸರಿ. ಈ ಡಬ್ಬಿ ಬಿಚ್ಚಲಾ?"

"ಬಿಚ್ಚೋ ಹಾಗಿಲ್ಲ." ಹಿಂದಿನಿಂದ ಭಾವನ ದನಿ. ನನ್ನ ಅಕ್ಕನ ಗಂಡ, ಈ ಕಾರ್ಖಾನೆಯ ಮಾಲೀಕ. ನಾನಿದ್ದದ್ದು ಅವರ ಮನೆಯ ಮಹಡಿಯಲ್ಲೇ. "ನಿಮ್ಮ ಕೆಲಸ ಅಳೆಯೋದು ಮೇಡಂ, ಬಿಚ್ಚೋದಲ್ಲ."

ಬಿಚ್ಚಬೇಕಾಗಿಯೇ ಇರಲಿಲ್ಲ. ಒಳಗೆ ಏನಿದೆ ಎಂದು ನನಗೆ ಗೊತ್ತಿತ್ತು. ಮೂರು ತಿಂಗಳ ಹಿಂದೆ, ಕೆಲಸದ ಒತ್ತಡದ ನಡುವೆ ಆ ತಂತಿ ಸುಟ್ಟುಹೋಗಿತ್ತು. ಸರಿಯಾದದ್ದು ಸ್ಟೋರಿನಲ್ಲಿರಲಿಲ್ಲ. ಹಳೇ ಫ್ಯಾನಿನ ತಾಮ್ರದ ತಂತಿ ಜೋಡಿಸಿ, ಟೇಪು ಸುತ್ತಿ, ನಾಳೆ ಬದಲಾಯಿಸಿದರಾಯಿತು ಎಂದುಕೊಂಡವನು ನಾನೇ. ಆ ನಾಳೆ ಬರಲೇ ಇಲ್ಲ. ಆಮೇಲೆ ಈ ಫರ್ನೇಸಿನಲ್ಲಿ ಕಾಯಿಸಿದ, ಕ್ರೇನಿನ ಭಾರ ಹೊರುವ ಪಿನ್ನುಗಳು ಬಿರುಕು ಬಿಟ್ಟಾಗಲೆಲ್ಲ ಉಕ್ಕು ಕೊಟ್ಟವರನ್ನು ಬೈದವನೂ ನಾನೇ.

ಮೂರನೇ ದಿನ ಭಾವ ಆಫೀಸಿಗೆ ಕರೆದು ಒಂದು ಕಾಗದ ಮುಂದಿಟ್ಟರು. ಲ್ಯಾಬಿಗೆ ದೂರು: ಬಂದ ಹುಡುಗಿಯ ಲಾಗರ್ ಕೆಟ್ಟಿದೆ, ಅವಳಿಗೆ ಕೆಲಸ ಬರುವುದಿಲ್ಲ.

"ಸಂಜೆ ಲಾರಿ ಬರುತ್ತೆ. ನಾನೂರು ಕ್ರೇನ್ ಪಿನ್ ಹೋಗ್ಬೇಕು. ಫರ್ನೇಸು ನಡೆಸೋನು ನೀನು, ನಿನ್ನ ಸಹಿಗೇ ಬೆಲೆ. ಹಾಕು."

"ಅವಳ ಕೆಲಸ ಹೋಗುತ್ತೆ ಭಾವ."

"ಹೋದ್ರೆ ಇನ್ನೊಂದು ಸಿಗುತ್ತೆ ಬಿಡು."

ಗಾಜಿನಾಚೆ ಅವಳು ತಂತಿ ಸುತ್ತುತ್ತಿದ್ದಳು, ಮೊಣಕೈಗೂ ಅಂಗೈಗೂ, ಒಂದು ಎಳೆಯೂ ಸಿಕ್ಕಾಗದ ಹಾಗೆ.

"ಅವಳ ಮೆಷಿನ್ ಸರಿಯಿದೆ. ತಪ್ಪು ನಂದು," ಅಂದು ತಾಮ್ರದ ಕಥೆ ಹೇಳಿದೆ.

ಭಾವ ಎದ್ದು ಆಫೀಸಿನ ಬಾಗಿಲು ಹಾಕಿದರು. "ಅವಳಿಗೆ ಗೊತ್ತಾ?"

"ಡಬ್ಬಿ ಬಿಚ್ಚೋಕೆ ನೀವೇ ಬಿಡ್ಲಿಲ್ವಲ್ಲ."

"ಹಾಗಾದ್ರೆ ನಿನ್ನ ಮೇಲೂ ಬರಲ್ಲ. ಬಾಯಿ ಮುಚ್ಕೊಂಡು ಸಹಿ ಹಾಕು. ಅಕ್ಕನ ಮುಖ ನೋಡಿಯಾದ್ರೂ."

"ಕ್ರೇನ್ ಕೆಳಗೆ ನಿಲ್ಲೋರಿಗೂ ಅಕ್ಕಂದಿರು ಇರ್ತಾರೆ ಭಾವ."

ಪೆನ್ನು ತೆಗೆದುಕೊಂಡೆ. ದೂರಿನ ಸಾಲುಗಳಿಗೆಲ್ಲ ಅಡ್ಡಗೆರೆ ಎಳೆದು ಕೆಳಗೆ ಬರೆದೆ: ತಾಮ್ರದ ತಂತಿ ಹಾಕಿದವನು ನಾನು. ಪ್ಯಾನೆಲ್ ಇಪ್ಪತ್ತೆಂಟು ಡಿಗ್ರಿ ಕಮ್ಮಿ ತೋರಿಸಿದೆ. ಮೂರು ತಿಂಗಳ ಪಿನ್ನುಗಳನ್ನು ಯಾರೂ ಬಳಸಬೇಡಿ. ಸಹಿ ಹಾಕಿ, ಫೋಟೊ ತೆಗೆದು, ಲ್ಯಾಬಿಗೂ ಪಿನ್ನು ಕೊಳ್ಳುವವರಿಗೂ ಭಾವನ ಎದುರೇ ಕಳಿಸಿದೆ.

"ಸಹಿ ಕೇಳಿದ್ರಲ್ಲ, ತಗೊಳ್ಳಿ."

"ನಾಳೆಯಿಂದ ಈ ಕಡೆ ತಲೆ ಹಾಕ್ಬೇಡ!"

"ಹಾಕಲ್ಲ. ಆದ್ರೆ ಆ ತಂತಿ ಕಿತ್ತೇ ಹೋಗೋದು. ಯಾರು ಅಡ್ಡ ಬರ್ತಾರೋ ಬರ್ಲಿ."

ಹೊರಗೆ ಬಂದು ಫರ್ನೇಸಿನ ಮೇನ್ ಸ್ವಿಚ್ ಇಳಿಸಿದೆ. ಡಬ್ಬಿ ಬಿಚ್ಚಿ, ಟೇಪು ಹರಿದು, ತಾಮ್ರದ ತುಂಡನ್ನು ಕಿತ್ತು ಅವಳ ಅಂಗೈ ಮೇಲಿಟ್ಟೆ.

"ಮಾಡಿದ್ದು ನಾನು."

"ನಿನ್ನೆಯೇ ಗೊತ್ತಾಯ್ತು. ಕಳೀರಿ ಅಂದಾಗ ನಿಮ್ಮ ಮುಖ ನೋಡಿದ್ನಲ್ಲ."

"ಮತ್ತೆ ಹೇಳ್ಲಿಲ್ಲ?"

"ಇವತ್ತು ವರದಿಲಿ ಬರೀತಿದ್ದೆ. ಇಪ್ಪತ್ತೆಂಟು ಪಾಯಿಂಟ್ ಮೂರು ಅಂತ, ನಿಮ್ಮ ಭಾವ ಏನೇ ಕುಣಿದ್ರೂ. ನೀವಾಗೇ ಹೇಳದೆ ಇದ್ದಿದ್ರೆ ಆಮೇಲೆ ನಿಮ್ಮ ಮುಖ ಮತ್ತೆ ನೋಡ್ತಿರ್ಲಿಲ್ಲ, ಅಷ್ಟೇ."

"ಈಗ?"

"ನೋಡ್ತಾ ಇದೀನಲ್ಲ." ನಿಜಕ್ಕೂ ನೋಡುತ್ತಿದ್ದಳು. ಕಣ್ಣು ಮಿಟುಕಿಸದೆ, ಅಂಕಿ ನಿಲ್ಲುವ ತನಕ ಕಾಯುವವಳ ಹಾಗೆ.

"ನಂಗೀಗ ಕೆಲಸ ಇಲ್ಲ. ರಾತ್ರಿಗೆ ಮನೆಯೂ ಇರುತ್ತೋ ಇಲ್ವೋ."

"ಅದನ್ನ ನಾನು ಕೇಳಿದ್ನಾ?"

"ಇಲ್ಲ. ನಿಮ್ಮನ್ನ ಇಷ್ಟಪಡ್ತೀನಿ ಅನ್ನೋಕೆ ಮುಂಚೆ, ಇರೋದನ್ನ ಇದ್ದ ಹಾಗೆ ಹೇಳ್ಬೇಕಲ್ಲ."

ಅವಳ ಕಿವಿಯ ತುದಿ ಕೆಂಪಾಯಿತು. ದನಿ ಮಾತ್ರ ಬಗ್ಗಲಿಲ್ಲ. "ನಮ್ಮನೇಲೂ ಒಪ್ಪಲ್ಲ, ಗೊತ್ತಿರ್ಲಿ. ಬೆಂಕಿ ಮುಂದೆ ನಿಲ್ಲೋನಾ ಅಂತಾರೆ ಅಪ್ಪ."

"ನೀವೇನಂತೀರಿ?"

"ಎಷ್ಟು ಜನ ಒತ್ತಾಯ ಮಾಡಿದಾರೆ, ಒಂದು ಅಂಕಿ ತಿದ್ದಿಲ್ಲ ನಾನು. ಮನಸ್ಸಿಗೆ ಬಂದಿದ್ದನ್ನ ತಿದ್ತೀನಾ?"

ಜೇಬಿನಲ್ಲಿ ಫೋನು ಬಡಿದುಕೊಳ್ಳತೊಡಗಿತು. ಭಾವ. ಕೈ ತಾನಾಗಿಯೇ ಹೋಯಿತು, ಹನ್ನೊಂದು ವರ್ಷದ ಅಭ್ಯಾಸ. ಅವಳು ಅದನ್ನು ನನ್ನ ಬೆರಳುಗಳಿಂದ ಬಿಡಿಸಿಕೊಂಡು, ತನ್ನ ಸಾಮಾನಿನ ಪೆಟ್ಟಿಗೆಯೊಳಗೆ ಹಾಕಿ, ಮುಚ್ಚಳ ಮುಚ್ಚಿ ಅದರ ಮೇಲೆ ಕೂತಳು. ಪಕ್ಕಕ್ಕೆ ಸರಿದು, ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟಳು.