ರೋಗದ ಮನೆಯ ರಾಣಿ

ಚಕ್!

ಸಣ್ಣ ಸದ್ದು. ಹಸಿ ಕಾಂಡಕ್ಕೆ ಕತ್ತರಿ ಬಿದ್ದ ಸದ್ದು. ಬೇರೆಯವರಿಗಾದರೆ ಕೇಳಿಸುತ್ತಲೇ ಇರಲಿಲ್ಲವೇನೋ... ಮರಗೆಣಸಿನ ತಳಿಗಳ ಜೊತೆ ಏಳು ವರ್ಷ ಬಾಳಿದವಳಿಗೆ ಅದು ನೇರ ಎದೆಗೇ ತಾಗಿತು.

ಊರೆಲ್ಲ ಮಲಗಿದ ಹೊತ್ತು. ಸಂಶೋಧನಾ ಕೇಂದ್ರದ ಹಿತ್ತಿಲಲ್ಲಿ ನುಣ್ಣನೆಯ ಬಲೆ ಹೊದ್ದು ನಿಂತ ಗಿಡಮನೆ ಅವಳದು. ಮರೆತುಹೋದ ಮೊಬೈಲಿಗಾಗಿ ವಾಪಸು ಬಂದವಳು ದೀಪದ ಗುಂಡಿ ಒತ್ತಿದಳು.

ಅವಳ 'ರಾಣಿ'ಯ, ಅವಳೇ ಬೆಳೆಸಿದ ಹೊಸ ತಳಿಯ ಗಿಡದ, ಮುಂದೆ ಒಬ್ಬ ಗಂಡಸು! ಒಂದು ಕೈಯಲ್ಲಿ ಕತ್ತರಿ, ಇನ್ನೊಂದರಲ್ಲಿ ರಾಣಿಯದೇ ಎರಡು ತುಂಡು ಕಾಂಡ.

"ಯಾರ್ರೀ ನೀವು? ಕದಿಯೋಕೆ ಗೆಣಸಿನ ಕಡ್ಡಿನೇ ಬೇಕಿತ್ತಾ?"

ಅವನು ಬೆಚ್ಚಿಬಿದ್ದ. "ಕಳ್ಳ ಅಲ್ಲ ಮೇಡಂ... ರೋಗ ಪರೀಕ್ಷೆ ಮಾಡೋನು. ನಿನ್ನೆ ತಾನೇ ಕೆಲಸಕ್ಕೆ ಸೇರಿದೆ. ಹಗಲಲ್ಲಿ ಬಾಗಿಲು ತೆಗೆದ್ರೆ ಬಿಳಿನೊಣ ನುಗ್ತವೆ, ಕತ್ತಲಲ್ಲಿ ಅವು ಹಾರಲ್ಲ. ನಿರ್ದೇಶಕರು ನಿಮಗೆ ಹೇಳಿರ್ತಾರೆ ಅಂದ್ಕೊಂಡೆ."

ಅವನ ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. 'ಸ್ನಾನ ಮಾಡದೆ, ಬಟ್ಟೆ ಬದಲಿಸದೆ ಒಳಗೆ ಬರಬೇಡಿ' ಎಂದು ಅವಳೇ ಬಾಗಿಲಿಗೆ ಅಂಟಿಸಿದ್ದಳು. ಅದನ್ನು ಇಷ್ಟು ನಿಷ್ಠೆಯಿಂದ ಪಾಲಿಸಿದ ಮೊದಲ ಪ್ರಾಣಿ ಇವನೇ!

"ಈ ಕಡ್ಡಿ ನೆಟ್ಟು, ಚಿಗುರಿದ ಮೇಲೆ ರೋಗದ ಗಿಡದ ಕುಡಿಯನ್ನ ಅದಕ್ಕೆ ಕಸಿ ಕಟ್ತೀನಿ. ನಂಜು ನೇರ ಒಳಗೇ ಇಳಿಯುತ್ತೆ. ಆಗ ಗೊತ್ತಾಗುತ್ತೆ, ನಿಮ್ಮ ಗಿಡ ರೋಗ ತಡಕೊಂಡಿದೆಯೋ, ಇಲ್ಲಾ ಅದರ ಮುಖಾನೇ ನೋಡಿಲ್ವೋ ಅಂತ."

"ಹೊಲದಲ್ಲೂ ಬಂದಿಲ್ಲ ಕಣ್ರೀ ಇವಳಿಗೆ ರೋಗ."

"ಹೊಲದಲ್ಲಿ ಅದೃಷ್ಟ ಕೈ ಹಿಡಿಯುತ್ತೆ. ನನ್ನ ಹತ್ರ ಅದು ನಡಿಯಲ್ಲ."

ಎಂಥ ಕೊಬ್ಬು! ಆದರೂ ಅವಳಿಗೆ ನಗು ಬಂತು.

"ಕಟ್ಟಿ. ಎಷ್ಟು ಕುಡಿ ಬೇಕಾದ್ರೂ ಕಟ್ಟಿ. ಕಾಡುತಳಿಯ ಅಜ್ಜಿಯಿಂದ ಬಂದ ಶಕ್ತಿ ಇವಳದು. ರಕ್ತದಲ್ಲೇ ಇದೆ."

"ಅಷ್ಟು ಧೈರ್ಯನಾ?"

"ಧೈರ್ಯ ಅಲ್ಲ ಸಾರ್, ನಂಬಿಕೆ."

ಸುತ್ತಲಿನ ಹಳ್ಳಿಗಳಲ್ಲಿ ಎರಡು ಹೊತ್ತಿನ ಊಟ ಎಂದರೆ ಈ ಗೆಣಸೇ. ನಂಜು ರೋಗ ಬಂದ ಹೊಲಗಳಲ್ಲಿ ಎಲೆ ಮುದುಡಿ, ಗೆಡ್ಡೆ ಬೆರಳು ಗಾತ್ರಕ್ಕೆ ಇಳಿದಿತ್ತು. ರಾಣಿ ಗೆದ್ದರೆ ಮುಂದಿನ ನಾಟಿಗೆ ಅವಳ ಕಡ್ಡಿ ಹೊಲ ಹೊಲಕ್ಕೂ ಹೋಗುತ್ತದೆ. ಸೋತರೆ ತಳಿ ಕೆಲಸವನ್ನೇ ಮುಚ್ಚುವುದಾಗಿ ನಿರ್ದೇಶಕರು ಹೇಳಿಬಿಟ್ಟಿದ್ದರು. ಏಳು ವರ್ಷದ ಬದುಕು ಗೊಬ್ಬರದ ಗುಂಡಿಗೆ!

ರೋಗದ ಗಿಡಗಳಿಗೆಂದೇ ಇನ್ನೊಂದು ಗಿಡಮನೆಯಿತ್ತು, ಎಲ್ಲರ ಬಾಯಲ್ಲಿ 'ರೋಗದ ಮನೆ'; ಅವನು ಆ ಕಡ್ಡಿಗಳನ್ನು ಅಲ್ಲಿ ಬೆಳೆಸಿದ. ಅವು ಚಿಗುರಿದವು, ಕಸಿಯೂ ಆಯಿತು. ಅಲ್ಲಿಗೆ ಹೋದವರು ಅವತ್ತು ಆರೋಗ್ಯದ ಗಿಡಗಳ ಕಡೆ ತಲೆ ಹಾಕುವಂತಿಲ್ಲ. ಹಾಗಾಗಿ ಅವಳು ದಿನದ ಕೆಲಸವೆಲ್ಲ ಮುಗಿದ ಮೇಲೆ, ಮನೆಗೆ ಹೊರಡುವ ಮುನ್ನ ಅಲ್ಲಿಗೆ ಹೋಗುತ್ತಿದ್ದಳು.

"ಹೇಗಿದಾಳೆ ನಮ್ಮ ಹುಡುಗಿ?"

"ಸೊಕ್ಕಿನಿಂದ ಇದಾಳೆ. ಥೇಟ್ ನಿಮ್ಮ ಥರ."

ಕ್ಯಾಂಟೀನಿನ ಆಂಟಿ ಸುಮ್ಮನಿರುವ ಪೈಕಿಯೇ? "ಪ್ರಾಯದವರು ಪಾರ್ಕಿಗೆ ಹೋಗ್ತಾರೆ. ನೀವಿಬ್ರು ದಿನಾ ಸಂಜೆ ರೋಗಿ ನೋಡೋಕೆ ಹೋಗ್ತೀರಲ್ರಪ್ಪಾ!"

ಅವಳ ಕೆನ್ನೆ ಬಿಸಿಯಾಯಿತು. ಅವನು ಕೆಮ್ಮಿದ.

ಆಮೇಲೆ ಆ ಸಂಜೆ ಬಂತು. ಅವನು ಒಂದು ಎಳೆ ಎಲೆಯನ್ನು ತಿರುಗಿಸಿ ತೋರಿಸಿದ. ಹಳದಿ ಮಚ್ಚೆ...

ಅವಳ ನಂಬಿಕೆ ಒಂದು ಕ್ಷಣ ಅಲುಗಿತು. ಒಂದೇ ಕ್ಷಣ!

"ಒಮ್ಮೆ ಜ್ವರ ಬಂದು, ಆಮೇಲೆ ಎದ್ದು ನಿಲ್ಲೋ ಜಾತಿ ಇದು. ಇನ್ನಷ್ಟು ಎಲೆ ಬಿಡಲಿ, ನೋಡೋಣ," ಎಂದಳು.

ಮರುದಿನದಿಂದ ರೋಗದ ಮನೆಗೆ ಬೀಗ. ಓಣಿಯಲ್ಲಿ ಅವಳನ್ನು ಕಂಡರೆ ಅವನು ಬಂದ ದಾರಿಯಲ್ಲೇ ತಿರುಗುತ್ತಿದ್ದ. ಚಹಾವನ್ನೂ ಕ್ಯಾಂಟೀನಿನ ಕಿಟಕಿಯಲ್ಲೇ ಇಸಿದುಕೊಂಡು ದೂರದ ಮರದಡಿ ಒಬ್ಬನೇ ಕುಡಿಯುತ್ತಿದ್ದ. ವಾರಗಟ್ಟಲೆ ಇದೇ ಆಟ.

ಅವಳಿಗೆ ರಾಣಿಯ ಮೇಲೆ ಅನುಮಾನ ಬರಲಿಲ್ಲ. ಅವನ ಮೇಲೆ ಬಂತು.

'ಸೋಲುವವರ ಪಕ್ಕ ನಿಲ್ಲೋಕೆ ನಾಚಿಕೆಯಾ ಇವನಿಗೆ? ಹಾಗಾದರೆ ಆ ಸಂಜೆಗಳೆಲ್ಲ...'

"ಯಾಕೇ ಸ್ವರ ಬಿದ್ದುಹೋಗಿದೆ?" ಫೋನಿನಲ್ಲಿ ಅಕ್ಕ ಹಿಡಿದೇಬಿಟ್ಟಳು.

"ಒಬ್ಬರು ಮುಖ ತಪ್ಪಿಸ್ಕೊಂಡು ಓಡಾಡ್ತಿದಾರೆ ಅಕ್ಕಾ."

"ನಿಲ್ಲಿಸಿ ಕೇಳೇ! ಗಿಡದ ಮುಂದೆ ಮಾತ್ರ ಹುಲಿ ನೀನು."

ಅವತ್ತೇ ಸಂಜೆ ಹುಲಿ ರೋಗದ ಮನೆಯ ಬಾಗಿಲಿಗೆ ಹೋಯಿತು. ಅವನು ಆಗಷ್ಟೇ ಹೊರಬರುತ್ತಿದ್ದ.

"ನಿಲ್ರೀ! ನಿಮ್ಮ ಹತ್ರ ಮಾತಾಡಬೇಕು."

"ನೀವು ಅಲ್ಲೇ ನಿಲ್ಲಿ! ದಯವಿಟ್ಟು... ಹತ್ರ ಬರಬೇಡಿ!"

"ಯಾಕೆ? ಒಂದು ಎಲೆಗೆ ಮಚ್ಚೆ ಬಂತು ಅಂತ ನನ್ನ ಮುಖಾನೂ ನೋಡಬಾರದಾ?"

"ಅಯ್ಯೋ, ನನ್ನ ಭುಜ ನೋಡಿ ಮೇಡಂ!"

ಅವನ ಕಪ್ಪು ಅಂಗಿಯ ಮೇಲೆ ಹಿಟ್ಟಿನ ಪುಡಿಯಂಥ ಒಂದು ಚುಕ್ಕೆ. ಅದು... ಕದಲಿತು!

ಬಿಳಿನೊಣ. ರೋಗ ಹೊತ್ತು ತಿರುಗುವ ಹುಳ.

"ಒಂದು ಎಲೆ ನೋಡಿ ತೀರ್ಪು ಕೊಡಲ್ಲ ಅಂತ ನಿರ್ದೇಶಕರಿಗೆ ಹೇಳಿ ಇನ್ನೊಂದು ಪರೀಕ್ಷೆ ಶುರು ಮಾಡಿದೆ. ಕಸಿ ಜೊತೆಗೆ ಸಾವಿರಾರು ನೊಣಾನೂ ಬಿಟ್ಟಿದೀನಿ. ಎಷ್ಟು ಕೊಡವಿದ್ರೂ ಒಂದೆರಡು ಅಂಟ್ಕೊಂಡು ಬರ್ತವೆ. ನಿಮ್ಮ ಗಿಡಮನೆ ತುಂಬ ಈಗ ಎಳೇ ಸಸಿ. ನನ್ನಿಂದ ನಿಮಗೆ, ನಿಮ್ಮಿಂದ ಅವುಕ್ಕೆ ಹತ್ತಿದ್ರೆ?"

"ಫೋನ್ ಮಾಡಿ ಹೇಳೋಕೇನಾಗಿತ್ತು?"

"ಹೇಳಿದ್ರೆ ಅದೇ ಸಂಜೆ ನೋಡೋಕೆ ಬರ್ತಿದ್ರಿ." ಅವನು ತಲೆ ತಗ್ಗಿಸಿದ. "ನಿಮ್ಮನ್ನ ಬರಬೇಡಿ ಅನ್ನೋಕೆ ನನ್ನ ಕೈಲಿ ಆಗ್ತಿರಲಿಲ್ಲ."

ಅವಳಿಗೆ ಅಳು, ನಗು ಎರಡೂ ಒಟ್ಟಿಗೇ ಬಂದವು. ತನ್ನ ಸಸಿಗಳನ್ನು ತನಗಿಂತ ಹೆಚ್ಚು ಕಾಯ್ದವನನ್ನು ತಾನು ಹೇಡಿ ಅಂದುಕೊಂಡೆನಲ್ಲ!

"ರಾಣಿ ಹೇಗಿದಾಳೆ?"

"ಬಲೆಯ ಆಚೆ ಬದಿಗೆ ಬನ್ನಿ. ತೋರಿಸ್ತೀನಿ."

ಅವನು ಮತ್ತೆ ಒಳಹೊಕ್ಕು, ಕುಂಡವನ್ನು ಎತ್ತಿಕೊಂಡು ಬಲೆಯ ಹತ್ತಿರ ಇಟ್ಟ. ಅವಳು ಹೊರಗಿನಿಂದ ಬಾಗಿದಳು. ಬುಡದಲ್ಲಿ ಮಚ್ಚೆ ಬಿದ್ದ ಆ ಒಂದು ಎಲೆ ಬಾಡಿ ಜೋತಿತ್ತು. ಅದರ ಮೇಲೆ, ಅಂಗೈ ಅಗಲಿಸಿದಂತೆ, ಕಡುಹಸಿರಿನ ಐದಾರು ಎಲೆ. ಒಂದರಲ್ಲೂ ಮಚ್ಚೆಯಿಲ್ಲ, ಮುದುಡಿಲ್ಲ!

"ಬೆಳಗ್ಗೆ ಈ ಎಲೆಗಳನ್ನ ಪರೀಕ್ಷೆ ಮಾಡಿದೆ. ನಂಜಿನ ಸುಳಿವೇ ಇಲ್ಲ. ಮೈತುಂಬ ನೊಣ, ಹೆಗಲ ಮೇಲೆ ರೋಗದ ಕುಡಿ... ಆದ್ರೂ ಗೆದ್ದಳು. ನೀವು ಹೇಳಿದ್ದೇ ಸರಿ."

"ನಾನು ಹೇಳೋದು ಯಾವಾಗ್ಲೂ ಸರಿಯೇ," ಎಂದು ಅವಳು ಕಣ್ಣೊರೆಸಿಕೊಂಡಳು.

"ಹಾಗಾದ್ರೆ ಇದನ್ನೂ ನೀವೇ ಹೇಳಿ. ದೂರ ನಿಂತು ನಿಮ್ಮನ್ನ ನೋಡಿ ನೋಡಿ ಸಾಕಾಗಿದೆ ನನಗೆ. ಏನು ಮಾಡ್ಲಿ?"

"ನೇರವಾಗಿ ಕೇಳಿ."

ಬಲೆಯಾಚೆ ಅವನು ಉಸಿರೆಳೆದುಕೊಂಡ. "ನನ್ನ ಮದುವೆ ಆಗ್ತೀರಾ?"

"ಹೂಂ," ಎಂದಳು. ತಡವರಿಸದೆ!

ಅಷ್ಟರಲ್ಲಿ ಫೋನ್ ರಿಂಗಾಯಿತು. ಅಕ್ಕ.

"ಏನಾಯ್ತೇ?"

"ರಾಣಿ ಗೆದ್ದಳು ಅಕ್ಕಾ! ಹೊಸ ಎಲೆ ಒಂದಕ್ಕೂ ರೋಗ ಇಲ್ಲ!"

"ಒಳ್ಳೇದಾಯ್ತು ಕಣೇ! ಆದ್ರೆ ನಾನು ಕೇಳಿದ್ದು ಆ ಮನುಷ್ಯನ ವಿಷಯ."

ಅವಳು ಬಲೆಯ ಕಡೆ ನೋಡಿದಳು. ಅವನ ಕಿವಿ ಕೆಂಪಗಾಗಿತ್ತು. ರಾಣಿಯ ಸುದ್ದಿ ನಾಳೆ ನಿರ್ದೇಶಕರಿಗೆ, ಆಮೇಲೆ ಹೊಲ ಹೊಲಕ್ಕೂ ತಲುಪಲಿ. ಆದರೆ ಈ ಸುದ್ದಿ... ಅಕ್ಕನಿಗೂ ಬೇಡ, ಯಾರಿಗೂ ಬೇಡ.

"ಅವರದ್ದೇನಿಲ್ಲ ಬಿಡಕ್ಕಾ," ಎಂದು ಫೋನ್ ಇಟ್ಟಳು.

"ಹೇಳ್ಲಿಲ್ವಾ?"

"ಇಲ್ಲ. ಸ್ವಲ್ಪ ದಿನ ಇದು ನಮ್ಮಿಬ್ಬರದ್ದೇ ಆಗಿರಲಿ."

"ಸರಿ. ನಾನೂ ಯಾರಿಗೂ ಹೇಳಲ್ಲ," ಎಂದ ಅವನು, ದನಿ ತಗ್ಗಿಸಿ.